ಓದುಗರ ಪ್ರಶ್ನೆ, ಮಾಸ್ಟ್ರ ಉತ್ತರ: ಡಿಸ್ಕ್ ಬದಲಿಸುವ ಮೊದಲು ಹಬ್ ನೋಡಿ

ಮಳೆ ಹಿಂದೆ ಸರಿದ ಕೂಡಲೇ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬ್ರೇಕಿನದ್ದೇ. ನಾಲ್ಕು ತಿಂಗಳು ಕೆಸರು, ನೀರು, ಕಡಲ ಕಡೆಯ ಉಪ್ಪುಗಾಳಿ ತಿಂದ ಕಬ್ಬಿಣ ಈಗ ಸದ್ದು ಮಾಡಲು ತೊಡಗುತ್ತದೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಬ್ರೇಕ್ ಡಿಸ್ಕಿಗೇ, ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಗೇ, ಬಿಟ್ಟಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ, ಬೇಕೆಂದೇ ಹಾಗೆ ಬರೆದಿದ್ದೇನೆ. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ದಯವಿಟ್ಟು ಅದನ್ನು ಕೊನೆಯವರೆಗೆ ಓದಿ, ಆಮೇಲೆ ಸ್ಪಾನರ್ ಹಿಡಿಯಿರಿ.

ಪ್ರಶ್ನೆ: ಮಾಸ್ಟ್ರೇ, ನಮಸ್ಕಾರ. ನಾನು ಶಾಲಾ ಅಧ್ಯಾಪಕ. ಏಳು ವರ್ಷ ಹಳೆಯ ಸಣ್ಣ ಕಾರಿದೆ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೆಂಡತಿಯ ತವರು ಮಡಿಕೇರಿ ಹತ್ತಿರ, ಹಾಗಾಗಿ ಜಾಲ್ಸೂರು ದಾರಿಯಾಗಿ ಹೋಗಿ ಬರುವುದು ಇದ್ದೇ ಇದೆ. ಈಚೆಗೆ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ಅದುರುತ್ತದೆ. ಗ್ಯಾರೇಜಿನವರು ‘ಡಿಸ್ಕ್ ಬೆಂಡ್ ಆಗಿದೆ, ಎರಡೂ ಬದಲಿಸಬೇಕು’ ಎಂದರು. ನನ್ನ ಭಾವ ‘ಅದರಲ್ಲೇನುಂಟು, ನಾಲ್ಕು ಬೋಲ್ಟು, ಅಂಗಳದಲ್ಲೇ ಮಾಡುವ’ ಎನ್ನುತ್ತಾರೆ. ಧೈರ್ಯ ಮಾಡಬಹುದೇ? – ಮುಳ್ಳೇರಿಯದ ಓದುಗರು

ಉತ್ತರ: ಮಾಡಬಹುದು. ಆದರೆ ಅದುರುವುದು ಡಿಸ್ಕಿನಿಂದಲೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಬ್ರೇಕ್ ಒತ್ತದೆ, ಸುಮ್ಮನೆ 80ರ ವೇಗದಲ್ಲಿ ಹೋಗುವಾಗಲೂ ಸ್ಟೇರಿಂಗ್ ಅದುರುತ್ತದಾದರೆ ಅದು ಚಕ್ರದ ಬ್ಯಾಲೆನ್ಸಿಂಗ್ ಅಥವಾ ಟಯರಿನ ತೊಂದರೆ, ಡಿಸ್ಕಿಗೆ ಸಂಬಂಧವಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ, ಅದೂ ಸ್ಟೇರಿಂಗಿನಲ್ಲೇ ಎದ್ದು ಕಂಡರೆ ಮುಂದಿನ ಡಿಸ್ಕಿನ ಮೇಲೆ ಸಂಶಯ ಪಡಬಹುದು. ಸೀಟಿನಲ್ಲಿ, ಕಾರಿನ ಮೈಯಲ್ಲಿ ಅದುರು ಹೆಚ್ಚು ಗೊತ್ತಾಗುವುದಾದರೆ ಹಿಂದಿನ ಡ್ರಮ್ಮನ್ನೂ ಬಿಚ್ಚಿ ನೋಡಬೇಕು. ನೀವು ಬರೆದದ್ದನ್ನು ನೋಡಿದರೆ ತೊಂದರೆ ಮುಂದೆಯೇ ಇದೆ.

ಇನ್ನು ‘ಬೆಂಡ್ ಆಗಿದೆ’ ಎನ್ನುವ ಮಾತು. ಎರಕದ ಕಬ್ಬಿಣದ ಡಿಸ್ಕ್ ನಮ್ಮ ಸಣ್ಣ ಕಾರುಗಳಲ್ಲಿ ನಿಜವಾಗಿ ಬಾಗುವುದು ಅಪರೂಪ. ಆಗುವುದು ಬೇರೆ. ಡಿಸ್ಕ್ ಕೂರುವ ಹಬ್ಬಿನ, ಎಂದರೆ ಚಕ್ರವನ್ನು ಹೊತ್ತು ತಿರುಗುವ ನಡುಭಾಗದ, ಮುಖದಲ್ಲಿ ತುಕ್ಕು ಕಟ್ಟುತ್ತದೆ. ಮಣೆಯ ಅಡಿಗೆ ಹರಳು ಸಿಕ್ಕಿದರೆ ಹೇಗೋ ಹಾಗೆ, ಆ ತುಕ್ಕಿನ ಪದರದ ಮೇಲೆ ಕೂತ ಡಿಸ್ಕ್ ಒಂದು ಕೂದಲಿನಷ್ಟು ಓರೆಯಾಗುತ್ತದೆ. ಓರೆಯಾದ ಡಿಸ್ಕ್ ತಿರುಗುವಾಗ, ಬ್ರೇಕ್ ಒತ್ತದೆ ಇದ್ದರೂ, ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ, ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡಿಗೆ ಮೆಲ್ಲ ತಾಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಆ ಜಾಗ ಸವೆದು ತೆಳ್ಳಗಾಗಿರುತ್ತದೆ. ಆಗ ಬ್ರೇಕ್ ಒತ್ತಿದರೆ ತೆಳ್ಳಗಿನ ಜಾಗದಲ್ಲಿ ಹಿಡಿತ ಕಡಿಮೆ, ದಪ್ಪಗಿನ ಜಾಗದಲ್ಲಿ ಹೆಚ್ಚು. ಅದುರುವುದು ಅದಕ್ಕೆ. ದಪ್ಪದಲ್ಲಿ 0.02 ಮಿಲಿಮೀಟರಿನಷ್ಟು ವ್ಯತ್ಯಾಸ ಬಂದರೂ ಕೆಲವು ಕಾರುಗಳ ಸ್ಟೇರಿಂಗಿನಲ್ಲಿ ಅದು ತಿಳಿಯುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹೊಸ ಡಿಸ್ಕ್ ತಂದು, ತುಕ್ಕು ಹಿಡಿದ ಹಬ್ಬಿನ ಮೇಲೆಯೇ ಕೂರಿಸಿ, ‘ಆಯಿತು’ ಎಂದು ಚಕ್ರ ಹಾಕುವವರು ತುಂಬಾ ಮಂದಿ. ಮೊದಲ ದಿನ ಕಾರು ಬೆಣ್ಣೆಯ ಹಾಗೆ ನಿಲ್ಲುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಅದುರು ಮತ್ತೆ ಬರುತ್ತದೆ, ದೂರು ಡಿಸ್ಕಿನ ಕಂಪೆನಿಯ ಮೇಲೆ ಬೀಳುತ್ತದೆ. ಎಷ್ಟೋ ಸಲ ಹಣ ಕೊಟ್ಟು ತಂದ ಡಿಸ್ಕಿಗಿಂತ ಅರ್ಧ ಗಂಟೆ ಹಬ್ ತಿಕ್ಕಿದ್ದೇ ಹೆಚ್ಚು ಕೆಲಸ ಮಾಡುತ್ತದೆ. ನನ್ನ ಕೈಕೆಳಗೆ ಕಲಿತ ಹುಡುಗರಿಗೆ ನಾನು ಮತ್ತೆ ಮತ್ತೆ ಹೇಳಿದ್ದು ಇದನ್ನೇ.

ಸಾಮಾನು ತರುವಾಗ ಕಾರಿನ ಆರ್‌ಸಿ ಜೊತೆಗಿರಲಿ. ಒಂದೇ ಹೆಸರಿನ ಕಾರಿಗೆ ವರ್ಷಕ್ಕೆ ತಕ್ಕ ಹಾಗೆ, ಪೆಟ್ರೋಲು ಡೀಸೆಲಿಗೆ ತಕ್ಕ ಹಾಗೆ ಡಿಸ್ಕ್ ಬೇರೆ ಬೇರೆ ಇರುತ್ತದೆ. ಅಂಗಡಿಯಲ್ಲಿ ಚಾಸಿಸ್ ನಂಬರ್ ಕೊಟ್ಟು ಕೇಳಿ. ಬದಲಿಸುವುದು ಜೋಡಿಯಾಗಿಯೇ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದು ಇದ್ದರೆ ಬ್ರೇಕ್ ಒತ್ತುವಾಗ ಕಾರು ಒಂದು ಕಡೆಗೆ ಎಳೆಯಬಹುದು. ಪ್ಯಾಡ್ ಕೂಡ ಹೊಸದೇ ಆಗಬೇಕು. ಹಳೆಯ ಪ್ಯಾಡ್ ಹಳೆಯ ಡಿಸ್ಕಿನ ಗೀರುಗಳಿಗೆ ಸರಿಯಾಗಿ ಸವೆದಿರುತ್ತದೆ, ಅದನ್ನು ಹೊಸ ಡಿಸ್ಕಿಗೆ ಹಾಕಿದರೆ ಪೂರ್ತಿ ಮುಖ ತಾಗುವುದಿಲ್ಲ.

ಆದಿತ್ಯವಾರ ಶುರು ಮಾಡಬೇಡಿ. ಒಂದು ಸ್ಕ್ರೂ ತಲೆ ಹಾರಿದರೂ ಕಾಸರಗೋಡಿನಲ್ಲಿ ಅಂಗಡಿ ತೆರೆದಿರುವುದಿಲ್ಲ. ಶನಿವಾರ ಬೆಳಗ್ಗೆ ಒಳ್ಳೆಯದು, ಭಾವನವರ ಬೈಕು ಅಂಗಳದಲ್ಲಿರಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಮನೆಗಳು ಗುಡ್ಡೆಯ ಬದಿಯಲ್ಲಿರುತ್ತವೆ, ಅಂಗಳಕ್ಕೆ ಒಂದಿಷ್ಟಾದರೂ ಇಳಿಜಾರು ಇರುತ್ತದೆ. ಮಣ್ಣು ಮಳೆಗೆ ನೆಂದು ಮೆತ್ತಗಿರುತ್ತದೆ. ಅಂಥ ನೆಲದಲ್ಲಿ ಜಾಕ್ ಒಂದು ಬದಿಗೆ ಕುಸಿದು, ಕಾರು ಬರೀ ಡಿಸ್ಕಿನ ಮೇಲೆ ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಹೊತ್ತಿಗೆ ಅದರ ಅಡಿಯಲ್ಲಿ ಯಾರ ಕೈಯೂ ಇರಲಿಲ್ಲ ಎಂಬುದು ದೇವರ ದಯೆ. ಸಪಾಟಾದ ಸಿಮೆಂಟು ನೆಲ ಇದ್ದರೆ ಅಲ್ಲೇ ಮಾಡಿ. ಇಲ್ಲದಿದ್ದರೆ ಅಂಗಳದ ಅತಿ ಸಮನಾದ ಜಾಗ ನೋಡಿ, ಜಾಕಿನ ಅಡಿಗೆ ದಪ್ಪದ, ಅಗಲದ ಮರದ ಹಲಗೆ ಇಡಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡೆ ಕೊಡಿ. ಕಾರಿನ ಜೊತೆ ಬಂದ ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಕಾರನ್ನು ಹೊತ್ತು ನಿಲ್ಲಲು ಕಬ್ಬಿಣದ ಸ್ಟ್ಯಾಂಡ್ ಬೇಕು. ಅದು ನಿಮ್ಮಲ್ಲಿ ಇಲ್ಲದಿದ್ದರೆ ಕೊಂಡುಕೊಳ್ಳಿ, ಅಥವಾ ಪರಿಚಯದ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ತನ್ನಿ. ಎರಡೂ ಆಗದಿದ್ದರೆ ಈ ಕೆಲಸ ನಿಮಗೆ ಬೇಡ.

ಸ್ಟ್ಯಾಂಡಿನ ಬದಲು ಮುರಕಲ್ಲು (ಗೋಡೆ ಕಟ್ಟುವ ಕೆಂಪುಕಲ್ಲು) ಇಡುವ ಯೋಚನೆ ದಯವಿಟ್ಟು ಬಿಡಿ. ಕಾಸರಗೋಡಿನಲ್ಲಿ ಪ್ರತಿ ಅಂಗಳದ ಮೂಲೆಯಲ್ಲೂ ನಾಲ್ಕು ಕಲ್ಲು ಇದ್ದೇ ಇರುತ್ತದೆ, ಕೈಗೆ ಸಿಗುವುದು ಅದೇ. ಗೋಡೆಯಲ್ಲಿ ಸಾಲಾಗಿ ಕೂತು ಭಾರ ಹೊರುವ ಕಲ್ಲು, ಒಂದೇ ಬಿಂದುವಿನ ಮೇಲೆ ಕಾರಿನ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕೂ ಹಾಗೆಯೇ. ಸ್ಟ್ಯಾಂಡ್ ಇಟ್ಟ ಮೇಲೂ, ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡಿ. ಎರಡನೆಯ ಕಾವಲು ಅದು.

ಚಕ್ರದ ನಟ್ಟುಗಳನ್ನು ಕಾರು ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಜೋಡಿಸುವಾಗ ಯಾವುದು ಎಲ್ಲಿ ಎಂಬ ಸಂಶಯ ಬಂದರೆ ಬಿಚ್ಚದ ಬದಿಯನ್ನು ನೋಡಿಕೊಳ್ಳಬಹುದು. ಮೊಬೈಲಿನಲ್ಲಿ ಫೋಟೋ ತೆಗೆದಿಡುವುದೂ ಒಳ್ಳೆಯ ಅಭ್ಯಾಸ.

ಚಕ್ರ ತೆಗೆದರೆ ಡಿಸ್ಕನ್ನು ಅಪ್ಪಿಕೊಂಡ, ಪ್ಯಾಡನ್ನು ಅದಕ್ಕೆ ಒತ್ತುವ ಕ್ಯಾಲಿಪರ್ ಕಾಣುತ್ತದೆ. ಅದರ ಹಿಂದೆ ಜಾರುವ ಪಿನ್ನುಗಳ ಎರಡು ಸಣ್ಣ ಬೋಲ್ಟ್, ಕ್ಯಾಲಿಪರ್ ಕೂರುವ ಬ್ರಾಕೆಟ್ಟನ್ನು ಹಿಡಿದ ಎರಡು ದೊಡ್ಡ ಬೋಲ್ಟ್. ಸಣ್ಣವಕ್ಕೆ ಹೆಚ್ಚಾಗಿ 12 ಅಥವಾ 14ರ ಸ್ಪಾನರ್, ದೊಡ್ಡವಕ್ಕೆ 17ರದ್ದು ಬೇಕಾಗುತ್ತದೆ. ರಿಂಗ್ ಸ್ಪಾನರೋ ಸಾಕೆಟ್ಟೋ ಹಾಕಿ, ಬಾಯಿ ತೆರೆದ ಸ್ಪಾನರ್ ಬೋಲ್ಟಿನ ಮೂಲೆ ತಿಂದುಬಿಡುತ್ತದೆ. ಕ್ಯಾಲಿಪರ್ ಕಳಚಿ ಬಂದ ಮೇಲೆ ಅದನ್ನು ರಬ್ಬರ್ ಹೋಸಿನಲ್ಲಿ ನೇತಾಡಲು ಬಿಡಬೇಡಿ. ಒಂದು ತುಂಡು ಸರಿಗೆಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ಹೋಸ್ ಒಳಗಿಂದ ಸೀಳಿದರೆ ಹೊರಗೆ ಏನೂ ಕಾಣುವುದಿಲ್ಲ, ಬ್ರೇಕ್ ಕೈಕೊಡುವುದು ಘಾಟಿಯಲ್ಲಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದ ಹಾಗೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಹಬ್ಬಿನ ಹತ್ತಿರ ಬರುವ ಸೆನ್ಸರಿನ ತೆಳ್ಳಗಿನ ವಯರಿನ ಮೇಲೂ ಕಣ್ಣಿಡಿ.

ಡಿಸ್ಕ್ ತನ್ನಷ್ಟಕ್ಕೆ ಕೈಗೆ ಬರುವುದಿಲ್ಲ. ನಮ್ಮ ಮಳೆಯಲ್ಲಿ ಏಳು ವರ್ಷ ಕೂತ ಡಿಸ್ಕ್ ಹಬ್ಬಿಗೆ ಬೆಸುಗೆ ಹಾಕಿದ ಹಾಗೆ ಹಿಡಿದಿರುತ್ತದೆ. ಕೆಲವು ಕಾರುಗಳಲ್ಲಿ ಮುಖದ ಮೇಲೆ ಒಂದೆರಡು ಸ್ಟಾರ್ ಸ್ಕ್ರೂ ಇರುತ್ತದೆ. ಅದಕ್ಕೆ ಸರಿಯಾಗಿ ಕೂರುವ, ಹೆಚ್ಚಾಗಿ ನಂಬರ್ 3ರ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರಿನಿಂದ ಬಿಚ್ಚಿ. ಮನೆಯ ಸಣ್ಣ ಸ್ಕ್ರೂ ಡ್ರೈವರ್ ಹಾಕಿದರೆ ಸ್ಕ್ರೂವಿನ ತಲೆ ಹೋಗುತ್ತದೆ. ಆಮೇಲೆ ಡಿಸ್ಕಿನ ಮುಖ ನೋಡಿ. ಚಕ್ರದ ಬೋಲ್ಟುಗಳ ನಡುವೆ, ಒಳಗೆ ಮರೆ (ಬೋಲ್ಟ್ ತಿರುಗಿಸಿ ಕೂರಿಸುವ ಸುರುಳಿ ಗೀರು) ಇರುವ ಎರಡು ಸಣ್ಣ ತೂತು ಹೆಚ್ಚಿನ ಕಾರುಗಳಲ್ಲಿ ಉಂಟು. ಅವು ಸುಮ್ಮನೆ ಇಟ್ಟದ್ದಲ್ಲ. ಅವಕ್ಕೆ ಸಾಮಾನ್ಯವಾಗಿ 8 ಮಿಲಿಮೀಟರಿನ ಬೋಲ್ಟ್ ಕೂರುತ್ತದೆ. ಎರಡು ಬೋಲ್ಟ್ ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಎಂದು ಸರದಿಯಲ್ಲಿ ಬಿಗಿಯುತ್ತಾ ಹೋದರೆ ಅವು ಹಬ್ಬನ್ನು ತಳ್ಳಿ ಡಿಸ್ಕನ್ನು ಹೊರಗೆ ತರುತ್ತವೆ. ಅದು ಬಿಟ್ಟು ದೊಡ್ಡ ಸುತ್ತಿಗೆಯಿಂದ ಬಡಿದರೆ ಪೆಟ್ಟು ವೀಲ್ ಬೇರಿಂಗಿಗೆ ಹೋಗುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಡಿಸ್ಕನ್ನು ಹಬ್ಬಿನ ಹಿಂಭಾಗಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಹಬ್ಬನ್ನೇ ಎಳೆಯಬೇಕಾಗುತ್ತದೆ. ನಿಮ್ಮದು ಅಂಥದ್ದಾದರೆ ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಕೊಡಿ.

ಡಿಸ್ಕ್ ಬಂತು. ಈಗ ಹಬ್ಬು. ತಂತಿಯ ಬ್ರಶ್ ಹಿಡಿದು ಮುಖವನ್ನು ತಿಕ್ಕಿ, ಬೋಲ್ಟುಗಳ ಬುಡದ ಸುತ್ತ ಸ್ಯಾಂಡ್ ಪೇಪರಿನಿಂದ ತಿಕ್ಕಿ, ನಡುವಿನ ಗುಂಡು ಭಾಗದ ಅಂಚನ್ನೂ ತಿಕ್ಕಿ. ಬೆರಳಿನ ತುದಿಯಿಂದ ಸವರಿದರೆ ಎಲ್ಲೂ ಉಬ್ಬು ತಿಳಿಯಬಾರದು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಕೊಟ್ಟಿರುತ್ತಾರೆ. ಬ್ರೇಕ್ ಕ್ಲೀನರಿನಿಂದ, ಅದಿಲ್ಲದಿದ್ದರೆ ಸೋಪು ಬಿಸಿನೀರಿನಿಂದ ಎರಡೂ ಮುಖ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಆ ಮುಖವನ್ನು ಬರಿಗೈಯಿಂದ ಮುಟ್ಟಬೇಡಿ. ಕೂರಿಸಿದ ಮೇಲೆ ಚಕ್ರದ ನಟ್ಟುಗಳನ್ನೇ ದಪ್ಪ ವಾಶರ್ ಜೊತೆ ಹಾಕಿ ಡಿಸ್ಕನ್ನು ಬಿಗಿದು, ಕೈಯಿಂದ ತಿರುಗಿಸಿ ನೋಡಿ. ಓಲಾಟ ಅಳೆಯುವ ಡಯಲ್ ಗೇಜ್ ಸಿಕ್ಕಿದರೆ ಬಹಳ ಒಳ್ಳೆಯದು, ಓಲಾಟ 0.1 ಮಿಲಿಮೀಟರಿಗಿಂತ ಕಡಿಮೆ ಇರಬೇಕು, 0.05ರ ಒಳಗಿದ್ದರೆ ಇನ್ನೂ ಚಂದ. ಹೆಚ್ಚು ಕಂಡರೆ ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ಬೇರೆ ಬೋಲ್ಟಿಗೆ ಕೂರಿಸಿ ಮತ್ತೆ ನೋಡಿ. ಮುಖದಲ್ಲಿ ಸ್ಕ್ರೂ ಇರುವ ಡಿಸ್ಕನ್ನು ಹಾಗೆ ತಿರುಗಿಸಲಾಗದು, ಅದಕ್ಕೆ ಹಬ್ಬನ್ನು ಇನ್ನೊಮ್ಮೆ ತಿಕ್ಕುವುದೇ ದಾರಿ.

ಹೊಸ ಪ್ಯಾಡ್ ದಪ್ಪ, ಹೊಸ ಡಿಸ್ಕೂ ದಪ್ಪ. ಆದ್ದರಿಂದ ಕ್ಯಾಲಿಪರಿನ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೆಯ ಪ್ಯಾಡನ್ನು ಪಿಸ್ಟನ್ನಿನ ಮೇಲಿಟ್ಟು ಸಿ ಕ್ಲಾಂಪಿನಿಂದ ನಿಧಾನ ಬಿಗಿಯಿರಿ. ಆಗ ಬಾನೆಟ್ಟಿನ ಅಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ತುಂಬಿ ಚೆಲ್ಲುವ ಹಾಗಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಚೆಲ್ಲಿದರೆ ಕೂಡಲೇ ನೀರು ಹುಯ್ಯಿರಿ, ಅದು ಪೈಂಟನ್ನು ತಿನ್ನುತ್ತದೆ. ಜಾರುವ ಪಿನ್ನುಗಳನ್ನು ಎಳೆದು ಒರೆಸಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಮನೆಯಲ್ಲಿರುವ ಪಂಪಿನ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಪಿನ್ ಸಿಕ್ಕಿಕೊಳ್ಳುತ್ತದೆ. ಪಿನ್ ಜಾರದಿದ್ದರೆ ಒಂದೇ ಪ್ಯಾಡ್ ಸವೆಯುತ್ತದೆ, ಡಿಸ್ಕ್ ಕಾಯುತ್ತದೆ.

ಬ್ರಾಕೆಟ್ ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು ಎಂಬುದನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಅಳತೆಯಲ್ಲೇ ನೋಡಿ. ಕೆಲವು ಕಾರಿಗೆ ಹೊಸ ಬೋಲ್ಟೇ ಹಾಕಬೇಕೆಂದು ಬರೆದಿರುತ್ತದೆ. ಚಕ್ರದ ನಟ್ಟಿಗೆ ಹೆಚ್ಚಿನ ಸಣ್ಣ ಕಾರುಗಳಲ್ಲಿ 85ರಿಂದ 110 ನ್ಯೂಟನ್ ಮೀಟರ್. 100 ಎಂದರೆ, 30 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 34 ಕಿಲೋ ತೂಕ ನೇತುಹಾಕಿದಷ್ಟು ಬಲ. ಅದರ ಮೇಲೆ ಹತ್ತಿ ನಿಂತು ಬಿಗಿಯುವ ಅಗತ್ಯ ಏನೇನೂ ಇಲ್ಲ. ಎದುರುಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಪಂಕ್ಚರ್ ಅಂಗಡಿಯ ಗಾಳಿಯ ಗನ್ನಿನಲ್ಲಿ ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲ ಆದರೂ ಡಿಸ್ಕ್ ಓರೆಯಾಗುತ್ತದೆ. ಪಂಕ್ಚರ್ ಹಾಕಿಸಿ ಮನೆಗೆ ಬಂದ ಮೇಲೆ ನಟ್ಟುಗಳನ್ನು ಕೈಯಿಂದ ಸಡಿಲಿಸಿ ಸಮನಾಗಿ ಬಿಗಿದುಕೊಳ್ಳಿ.

ಕಾರು ಅಂಗಳ ಬಿಡುವ ಮೊದಲು, ಎಂಜಿನ್ ಚಾಲೂ ಮಾಡುವುದಕ್ಕೂ ಮೊದಲು, ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಮೆಲ್ಲ ಮೆಲ್ಲ ಒತ್ತಿ. ಪಿಸ್ಟನ್ ಒಳಗೆ ತಳ್ಳಿದ್ದರಿಂದ ಮೊದಲ ಕೆಲವು ಒತ್ತು ಖಾಲಿ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ತೆಗೆದವರು ಬ್ರೇಕಿಲ್ಲದ ಕಾರಿನಲ್ಲಿ ಕೂತಿರುತ್ತಾರೆ, ನಿಮ್ಮ ಅಂಗಳದ ಕೆಳಗೆ ಅಡಿಕೆ ತೋಟವೋ ತೋಡೋ ಇರುತ್ತದೆ. ಡಬ್ಬಿಯಲ್ಲಿ ಆಯಿಲ್ ಎರಡು ಗೆರೆಗಳ ನಡುವೆ ಇದೆಯೇ ನೋಡಿ.

ಮಾರನೆಯ ದಿನ ಬೆಳಗ್ಗೆ ಬೇಗ, ಜನ ವಾಹನ ಇಲ್ಲದ ನೇರ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಹದವಾಗಿ ಇಳಿಸಿ. ಅರ್ಧ ನಿಮಿಷ ಓಡಿಸಿ, ಮತ್ತೆ ಹಾಗೆಯೇ. ಎಂಟು ಹತ್ತು ಸಲ ಸಾಕು. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬಾರದು, ಕಾದ ಪ್ಯಾಡಿನ ಅಚ್ಚು ಡಿಸ್ಕಿನಲ್ಲಿ ಮೂಡುತ್ತದೆ. ಕೊನೆಗೆ ಬ್ರೇಕ್ ಕಡಿಮೆ ಬಳಸಿ ಕೆಲವು ಕಿಲೋಮೀಟರ್ ಓಡಿಸಿ ತಣಿಯಲು ಬಿಡಿ. ಮೊದಲ 200–300 ಕಿಲೋಮೀಟರ್ ತನಕ ಮಡಿಕೇರಿ ಪ್ರಯಾಣ ಬೇಡ.

ಆ ಘಾಟಿಯ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಿಮ್ಮ ಡಿಸ್ಕ್ ಕೆಡುವುದಕ್ಕೆ ಅದರ ಪಾಲೂ ಇದೆ. 1000 ಕಿಲೋ ತೂಕದ ಕಾರು 1000 ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದು ಲೆಕ್ಕ ಹಾಕಿ. ಇಳಿತದ ಶಕ್ತಿಯೆಲ್ಲ ಬ್ರೇಕಿನಲ್ಲೇ ಬಿಸಿಯಾದರೆ, ಆ ಬಿಸಿಗೆ ಮೂವತ್ತು ಲೀಟರಿಗೂ ಹೆಚ್ಚು ನೀರು ಕುದಿಯುತ್ತದೆ. ಅಷ್ಟನ್ನೂ ಮುಂದಿನ ಎರಡು ಸಣ್ಣ ತಟ್ಟೆಗಳ ಮೇಲೆ ಹಾಕಬೇಡಿ. ಎರಡನೆಯ, ಮೂರನೆಯ ಗೇರಿನಲ್ಲಿ ಎಂಜಿನ್ ಹಿಡಿಯಲಿ. ಬ್ರೇಕ್ ಒತ್ತಿಯೇ ಇರುವುದರ ಬದಲು, ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಸಂಪಾಜೆಯಲ್ಲಿ ಚಾ ಕುಡಿಯಲು ನಿಲ್ಲಿಸುವಾಗ ಕಾಲನ್ನು ಬ್ರೇಕಿನಿಂದ ತೆಗೆದು ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ಹ್ಯಾಂಡ್ ಬ್ರೇಕ್ ಎಳೆಯಿರಿ. ಮನೆ ತಲುಪಿದ ಕೂಡಲೇ ಬಾವಿಯ ಪಂಪಿನ ತಣ್ಣೀರನ್ನು ಚಕ್ರಗಳಿಗೆ ಬಿಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಡಿಸ್ಕ್ ತಣಿದ ಮೇಲೆ ತೊಳೆಯಿರಿ.

ಪ್ರಶ್ನೆ: ನಮ್ಮವರು ದುಬಾಯಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬರುತ್ತಾರೆ. ಕಾರು ಶೆಡ್ಡಿನಲ್ಲೇ ಇರುತ್ತದೆ, ನಾನು ಅಪರೂಪಕ್ಕೆ ತೆಗೆಯುತ್ತೇನೆ. ಮೊನ್ನೆ ತೆಗೆಯುವಾಗ ‘ಟಕ್’ ಎಂದು ಸದ್ದಾಗಿ ಹೊರಟಿತು, ಡಿಸ್ಕ್ ಪೂರ್ತಿ ಕೆಂಪು. ಬದಲಿಸಲೇಬೇಕೇ? ಮನೆಯಿಂದ ಕಡಲು ಹೆಚ್ಚು ದೂರವಿಲ್ಲ. – ಉಪ್ಪಳದ ಓದುಗರು

ಉತ್ತರ: ಕೆಂಪು ಕಂಡ ಕೂಡಲೇ ಹೆದರಬೇಡಿ. ಡಿಸ್ಕ್ ಬರೀ ಕಬ್ಬಿಣ, ಒಂದು ರಾತ್ರಿಯ ಮಳೆಗೂ ಅದರ ಮೇಲೆ ಕೆಂಪು ಪದರ ಬರುತ್ತದೆ, ಕೆಲವು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ವಿಷಯ ಬೇರೆ, ಅಲ್ಲಿ ತುಕ್ಕು ಮೇಲಿನಿಂದ ಒಳಕ್ಕೆ ಇಳಿದು ಹೊಂಡ ಮಾಡುತ್ತದೆ. ಪ್ಯಾಡ್ ಅಂಟಿಕೊಂಡಿದ್ದ ಜಾಗದಲ್ಲಿ ಪ್ಯಾಡಿನದ್ದೇ ಆಕಾರದ ಕಲೆ ಉಳಿಯುತ್ತದೆ. ನೀವು ಕೇಳಿದ ‘ಟಕ್’ ಸದ್ದು ಪ್ಯಾಡ್ ಅಥವಾ ಹಿಂದಿನ ಡ್ರಮ್ಮಿನ ಶೂ ಬಿಟ್ಟುಕೊಂಡದ್ದು.

ಒಂದು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ನಡುನಡುವೆ ಬ್ರೇಕ್ ಒತ್ತುತ್ತಾ ಬನ್ನಿ. ಡಿಸ್ಕ್ ತಣಿದ ಮೇಲೆ ಟಾರ್ಚ್ ಹಾಕಿ ಚಕ್ರದ ಎಡೆಯಿಂದ ನೋಡಿ. ಮುಖವೆಲ್ಲ ಬೆಳ್ಳಗೆ ಹೊಳೆಯುತ್ತಿದ್ದರೆ ಬದಲಿಸುವ ಮಾತೇ ಇಲ್ಲ. ಕಂದು ಪಟ್ಟೆ ಹೋಗದೆ ಉಳಿದರೆ, ಉಗುರಿಗೆ ಹೊಂಡ ಸಿಕ್ಕಿದರೆ, ಅಥವಾ ಕೆರೆಯುವ ಸದ್ದು ನಿಲ್ಲದಿದ್ದರೆ ಚಕ್ರ ಬಿಚ್ಚಿಸಿ ಒಳಮುಖವನ್ನೂ ನೋಡಿಸಿ. ಎಷ್ಟೋ ಸಲ ಹೊರಮುಖ ಚೆನ್ನಾಗಿದ್ದು ಒಳಮುಖ ತಿಂದುಹೋಗಿರುತ್ತದೆ. ಹಾಗಿದ್ದರೆ ಬದಲಿಸಲೇಬೇಕು.

ಮುಂದಕ್ಕೆ ಹೀಗೆ ಮಾಡಿ. ವಾರಕ್ಕೊಮ್ಮೆಯಾದರೂ ಕಾರು ತೆಗೆದು ಅಷ್ಟು ದೂರ ಓಡಿಸಿ. ಅಂಗಳದಲ್ಲೇ ಎಂಜಿನ್ ಚಾಲೂ ಇಟ್ಟು ನಿಲ್ಲಿಸುವುದರಿಂದ ಬ್ರೇಕಿಗೆ ಏನೂ ಸಿಗುವುದಿಲ್ಲ. ತೊಳೆದ ಕೂಡಲೇ ಶೆಡ್ಡಿಗೆ ಹಾಕಬೇಡಿ, ಒಂದು ಸುತ್ತು ಹೋಗಿ ಬನ್ನಿ, ಬ್ರೇಕ್ ಒಣಗುತ್ತದೆ. ಶೆಡ್ಡಿನ ನೆಲ ಸಮತಟ್ಟಾಗಿದ್ದರೆ ಹ್ಯಾಂಡ್ ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಗಳಿಗೆ ಅಡೆ ಕೊಡಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಹೊದೆಸಬೇಡಿ, ತೇವ ಒಳಗೇ ಉಳಿದು ಉಪ್ಪಿನ ಜೊತೆ ಸೇರಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಮುಂದೊಮ್ಮೆ ಚಕ್ರ ಅಂಟಿಕೊಂಡರೆ ಎಕ್ಸಲರೇಟರ್ ಜೋರಾಗಿ ಒತ್ತಬೇಡಿ. ಒಂದನೇ ಗೇರು, ರಿವರ್ಸ್ ಎಂದು ಮೆಲ್ಲ ಹಿಂದೆ ಮುಂದೆ ಅಲುಗಿಸಿದರೆ ಹೆಚ್ಚಾಗಿ ಬಿಡುತ್ತದೆ. ಬಿಡದಿದ್ದರೆ ಮೆಕಾನಿಕನ್ನು ಮನೆಗೇ ಕರೆಸಿ.

ಪ್ರಶ್ನೆ: ಡಿಸ್ಕ್ ಬದಲಿಸುವ ಬದಲು ಲೇತಿನಲ್ಲಿ ಹಾಕಿ ಸಪಾಟು ಮಾಡಿಸಬಹುದು, ಖರ್ಚು ಕಡಿಮೆ ಎನ್ನುತ್ತಾರೆ. ಹೌದೇ? – ನೀರ್ಚಾಲಿನ ಓದುಗರು

ಉತ್ತರ: ದಪ್ಪ ಉಳಿದಿದ್ದರೆ ಮಾಡಿಸಬಹುದು. ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ‘ಎಂಐಎನ್ ಟಿಎಚ್’ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದಕ್ಕಿಂತ ತೆಳ್ಳಗಾದ ಡಿಸ್ಕ್ ಬಳಸಬಾರದು ಎಂದು ಅರ್ಥ. ಹೊಸ ಡಿಸ್ಕಿಗೂ ಈ ಕನಿಷ್ಠಕ್ಕೂ ನಡುವೆ ಹೆಚ್ಚಾಗಿ ಇರುವುದು 2 ಮಿಲಿಮೀಟರಿನ ಆಸುಪಾಸು ಮಾತ್ರ, ಅದರಲ್ಲಿ ಎರಡೂ ಮುಖದ ಸವೆತ ಸೇರಿದೆ. ಲೇತಿನಿಂದ ಇಳಿದ ಮೇಲೂ ಆ ಸಂಖ್ಯೆಗಿಂತ ಸಾಕಷ್ಟು ಮೇಲೆ ಇರಬೇಕು. ಇಲ್ಲದಿದ್ದರೆ ಕೂಲಿ ದಂಡ. ತೆಳ್ಳಗಿನ ಡಿಸ್ಕ್ ಬೇಗ ಕಾಯುತ್ತದೆ, ಘಾಟಿಗೆ ಹೋಗುವವರಿಗೆ ಅಪಾಯ.

ಅಳೆಯುವಾಗ ಜಾಗ್ರತೆ. ಸವೆದ ಡಿಸ್ಕಿನ ಹೊರ ಅಂಚಿನಲ್ಲಿ ಸವೆಯದ ಏಣು ಉಳಿದಿರುತ್ತದೆ. ವರ್ನಿಯರ್ ಇಟ್ಟರೆ ಅದು ಏಣಿಗೆ ತಾಗಿ ದಪ್ಪ ಹೆಚ್ಚು ತೋರಿಸುತ್ತದೆ. ಒಂದೇ ಬಗೆಯ ಎರಡು ನಾಣ್ಯಗಳನ್ನು ಡಿಸ್ಕಿನ ಎರಡೂ ಮುಖಕ್ಕೆ, ಏಣಿನಿಂದ ಒಳಗೆ ಇಟ್ಟು ಅಳೆಯಿರಿ. ಆಮೇಲೆ ಎರಡು ನಾಣ್ಯ ಜೋಡಿಸಿ ಅಳೆದು ಅಷ್ಟನ್ನು ಕಳೆಯಿರಿ. ಸುತ್ತಲೂ ನಾಲ್ಕೈದು ಕಡೆ ಹೀಗೆ ನೋಡಿ, ಅತಿ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಮತ್ತೆ, ಲೇತಿನಿಂದ ಬಂದ ಡಿಸ್ಕನ್ನೂ ತಿಕ್ಕಿದ ಹಬ್ಬಿನ ಮೇಲೆಯೇ ಕೂರಿಸಬೇಕು.

ಪ್ರಶ್ನೆ: ಡಿಸ್ಕ್ ಬ್ರೇಕ್ ಕಂಡುಹಿಡಿದವರು ಯಾರು? ಅಷ್ಟು ಒಳ್ಳೆಯದಾದರೆ ನಮ್ಮ ಕಾರಿನ ಹಿಂದಿನ ಚಕ್ರಗಳಿಗೆ ಯಾಕಿಲ್ಲ? – ಪೆರ್ಲದ ವಿದ್ಯಾರ್ಥಿ

ಉತ್ತರ: ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಗಿನ ಪ್ಯಾಡು ತಾಮ್ರದ್ದು, ಕಿರುಚುವ ಸದ್ದು, ಬೇಗ ಸವೆತ. ಜನ ನಂಬಿದ್ದು ಬಹಳ ವರ್ಷಗಳ ನಂತರ, 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದ ಮೇಲೆ.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರಗಳದ್ದೇ. ಹಿಂದೆ ಅಷ್ಟು ಬಿಸಿ ಆಗುವುದಿಲ್ಲ, ಅಲ್ಲಿ ಡ್ರಮ್ ಸಾಕಾಗುತ್ತದೆ. ಡ್ರಮ್ಮಿಗೆ ಖರ್ಚು ಕಡಿಮೆ, ಹ್ಯಾಂಡ್ ಬ್ರೇಕಿಗೂ ಅದು ಒಗ್ಗುತ್ತದೆ. ನೀನು ಭೌತಶಾಸ್ತ್ರ ಓದುವವನಾದರೆ ಒಂದು ಲೆಕ್ಕ ಮಾಡು: 1000 ಕಿಲೋ ತೂಕದ ಕಾರನ್ನು 60ರ ವೇಗದಿಂದ ನಿಲ್ಲಿಸಲು ಎಷ್ಟು ಶಕ್ತಿ ಬಿಸಿಯಾಗಬೇಕು, 80ರಿಂದ ಎಷ್ಟು? ಮೊದಲನೆಯದಕ್ಕೆ ಸುಮಾರು 139 ಕಿಲೋಜೂಲ್, ಎರಡನೆಯದಕ್ಕೆ 247 ಬರಬೇಕು. ವೇಗ ಮೂರನೇ ಒಂದು ಪಾಲು ಹೆಚ್ಚಿದರೆ ಬಿಸಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ.

ಪ್ರಶ್ನೆ: ಅಣ್ಣನೂ ನಾನೂ ಸೇರಿ ಮುಂದಿನ ಎರಡೂ ಡಿಸ್ಕ್ ಬದಲಿಸಿದೆವು. ಈಗ ಪೆಡಲ್ ಒತ್ತಿ ಹಿಡಿದರೆ ಮೆಲ್ಲ ಕೆಳಗೆ ಇಳಿಯುತ್ತಾ ಹೋಗುತ್ತದೆ. ಎಲ್ಲೂ ಸೋರುವುದು ಕಾಣುವುದಿಲ್ಲ. – ಮಂಜೇಶ್ವರದ ಓದುಗರು

ಉತ್ತರ: ಕಾರು ಹೊರಗೆ ತೆಗೆಯಬೇಡಿ, ಹತ್ತಿರದ ಅಂಗಡಿಗೂ ಬೇಡ. ಹೊರಗೆ ಸೋರಿಕೆ ಇಲ್ಲದೆ ಪೆಡಲ್ ಇಳಿಯುತ್ತದಾದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಶರ್ ಹೋಗಿರುವ ಸಂಭವ ಹೆಚ್ಚು. ಹಳೆಯ ಕಾರಿನಲ್ಲಿ ದಿನಾ ಒತ್ತುವ ದೂರದಷ್ಟು ಜಾಗ ಮಾತ್ರ ಸಿಲಿಂಡರಿನ ಒಳಗೆ ನುಣುಪಾಗಿರುತ್ತದೆ, ಅದರಾಚೆ ತುಕ್ಕು, ಕೊಳೆ. ಕ್ಯಾಲಿಪರಿನ ಪಿಸ್ಟನ್ ತಳ್ಳಿದ ಮೇಲೆ ಪೆಡಲನ್ನು ನೆಲಕ್ಕೆ ತಾಗುವ ಹಾಗೆ ಜೋರಾಗಿ ಒತ್ತಿದರೆ ವಾಶರ್ ಆ ಒರಟು ಜಾಗದವರೆಗೆ ಹೋಗಿ ಹರಿಯುತ್ತದೆ. ಅದಕ್ಕಾಗಿ ಪೆಡಲಿನ ಅಡಿಗೆ ಒಂದು ಮರದ ತುಂಡು ಇಟ್ಟು, ಪೂರ್ತಿ ಇಳಿಯದ ಹಾಗೆ ಸಣ್ಣ ಸಣ್ಣ ಒತ್ತು ಕೊಡುವುದು ಒಳ್ಳೆಯದು.

ಡಿಸ್ಕ್ ಬದಲಿಸುವಾಗ ಆಯಿಲ್ ಪೈಪಿನ ಯಾವ ನಟ್ಟನ್ನೂ ಬಿಚ್ಚುವುದಿಲ್ಲ, ಹಾಗಾಗಿ ಗಾಳಿ ಒಳಗೆ ಹೋಗುವ ದಾರಿಯಿಲ್ಲ. ನೀವು ಬ್ಲೀಡ್ ನಿಪ್ಪಲ್ (ಆಯಿಲಿನ ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಚ್ಚಿದ್ದರೆ ಅದನ್ನು ಮೆಕಾನಿಕನಿಗೆ ಮುಚ್ಚಿಡದೆ ಹೇಳಿ, ಅವರಿಗೆ ಹುಡುಕಲು ಸುಲಭ. ಮೆಕಾನಿಕ್ ಮನೆಗೆ ಬರಲಿ, ಅಥವಾ ಕಾರನ್ನು ಲಾರಿಯ ಮೇಲೆ ಹಾಕಿ ಕಳುಹಿಸಿ. ಹೇಗೂ ಬಿಚ್ಚುವಾಗ ಆಯಿಲನ್ನೂ ಹೊಸದು ಮಾಡಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು ಎಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬೇಡಿ.

ಪ್ರಶ್ನೆ: ಬಿಚ್ಚಿದ ಹಳೆಯ ಡಿಸ್ಕ್, ಪ್ಯಾಡ್, ಆಯಿಲ್ ಏನು ಮಾಡಬೇಕು? – ಬದಿಯಡ್ಕದ ಓದುಗರು

ಉತ್ತರ: ಡಿಸ್ಕ್ ಒಳ್ಳೆಯ ಎರಕದ ಕಬ್ಬಿಣ, ಗುಜರಿಯವರು ತೂಕಕ್ಕೆ ಹಣ ಕೊಟ್ಟು ಒಯ್ಯುತ್ತಾರೆ. ಕನಿಷ್ಠ ದಪ್ಪಕ್ಕಿಂತ ತೆಳ್ಳಗಾದದ್ದನ್ನು ‘ಇನ್ನೊಬ್ಬರಿಗೆ ಆಗಬಹುದು’ ಎಂದು ಯಾರಿಗೂ ಕೊಡಬೇಡಿ. ಪ್ಯಾಡಿನ ಹುಡಿಯನ್ನು ಬಾಯಿಯಿಂದಾಗಲೀ ಗಾಳಿಯ ಪಂಪಿನಿಂದಾಗಲೀ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಎಸೆಯಿರಿ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಆಯಿಲನ್ನು ತೋಟಕ್ಕೆ, ತೋಡಿಗೆ, ಬಾವಿಯ ಹತ್ತಿರ ಚೆಲ್ಲಬೇಡಿ. ಮುಚ್ಚಳ ಭದ್ರವಿರುವ ಬಾಟಲಿಯಲ್ಲಿ ತುಂಬಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಹಾಗಿಟ್ಟು, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಎಂಜಿನ್ ಆಯಿಲಿನ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡಿ.